ಬೇರೆಯವರ ಕಂತು ಬಾಯಿಪಾಠ, ತನ್ನದು ಗೊತ್ತಿಲ್ಲ: ಮಂಗಳೂರಿನ ಒಂದು ಮನೆಯ ಲೆಕ್ಕ

ಇದು ಮಂಗಳೂರಿನ ಹೊರವಲಯದ ಒಂದು ಕುಟುಂಬದ ಪ್ರಕರಣ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಕಂಪೆನಿ, ಶಾಲೆ, ಬಡಾವಣೆ ಯಾವುದೆಂದು ಹೇಳುವುದಿಲ್ಲ. ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಆದರೆ ಒಂದಕ್ಕೊಂದು ಇದ್ದ ಹೊಂದಾಣಿಕೆ ಹಾಗೇ ಇದೆ. ಗಂಡನನ್ನು ಸುಧಾಕರ ಎಂದು, ಹೆಂಡತಿಯನ್ನು ಶಾಲಿನಿ ಎಂದು ಕರೆಯುವ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಪರಿಚಯದವರು ಸಾಲದ ಕಾಗದ ಹಿಡಿದುಕೊಂಡು ಬಂದರೆ ಜೊತೆಗೆ ಕೂತು ನೋಡುತ್ತೇನೆ. ಆರೋಗ್ಯದ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ, ಆ ಭಾಗವನ್ನು ಅವರ ವೈದ್ಯರು ನೋಡಿಕೊಂಡರು.

ಹಿನ್ನೆಲೆ

ಸುಧಾಕರ ಅವರಿಗೆ 41 ವರ್ಷ. ವಾಹನ ಸಾಲ ಕೊಡುವ ಒಂದು ಖಾಸಗಿ ಫೈನಾನ್ಸ್ ಕಂಪೆನಿಯ ವಸೂಲಿ ವಿಭಾಗದಲ್ಲಿ ಮೇಲ್ವಿಚಾರಕರು. ಕೈಗೆ ಬರುವ ಸಂಬಳ 52,000 ರೂಪಾಯಿ. ಟಾರ್ಗೆಟ್ ಮುಟ್ಟಿದ ತಿಂಗಳು ಹತ್ತು ಹದಿನೈದು ಸಾವಿರ ಇನ್ಸೆಂಟಿವ್ ಬರುತ್ತಿತ್ತು. ಶಾಲಿನಿ ಅನುದಾನವಿಲ್ಲದ ಶಾಲೆಯಲ್ಲಿ ಟೀಚರ್, ಸಂಬಳ 17,500. ಮಗಳು ಆಗ ಒಂಬತ್ತನೇ ತರಗತಿ, ಮಗ ನಾಲ್ಕನೇ ತರಗತಿ. ಜೊತೆಗೆ ಸುಧಾಕರ ಅವರ ತಾಯಿ. ವಯಸ್ಸು 70ರ ಹತ್ತಿರ, ಶುಗರ್ ಉಂಟು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸು. ಇವರ ವಿಷಯ ಮುಂದೆ ಮತ್ತೆ ಬರುತ್ತದೆ.

2021ರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡರು. ಆಗ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 4 ಇತ್ತು. ಗೃಹಸಾಲ ಶೇ. 7ಕ್ಕೆ ಸಿಕ್ಕಿತು. 25 ಲಕ್ಷ, 15 ವರ್ಷ, ಕಂತು 22,470. ಮರುವರ್ಷ ಕಾರು ಬಂತು. ಅದರ ಕಂತು 9,800. ಇನ್ಸೆಂಟಿವ್ ಬರುವಷ್ಟು ದಿನ ಇದ್ಯಾವುದೂ ಭಾರ ಅನಿಸಲಿಲ್ಲ.

2023ರಲ್ಲಿ ಕಂಪೆನಿ ಎರಡು ಶಾಖೆಗಳನ್ನು ಒಂದು ಮಾಡಿತು. ಬಂಟ್ವಾಳದಿಂದ ಪಡುಬಿದ್ರಿ ತನಕದ ಬಾಕಿ ಖಾತೆಗಳೆಲ್ಲ ಸುಧಾಕರ ಅವರ ತಲೆ ಮೇಲೆ ಬಿದ್ದವು. ಜನ ಹೆಚ್ಚಲಿಲ್ಲ, ಟಾರ್ಗೆಟ್ ಹೆಚ್ಚಿತು. ಟಾರ್ಗೆಟ್ ಮುಟ್ಟದ ಕಾರಣ ಇನ್ಸೆಂಟಿವ್ ನಿಂತಿತು. ಬೆಳಿಗ್ಗೆ ಆರೂವರೆಗೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ 'ಇವತ್ತಿನ ಪ್ಲ್ಯಾನ್' ಹಾಕಬೇಕು, ರಾತ್ರಿ ಹತ್ತಕ್ಕೆ 'ಇವತ್ತಿನ ಕಲೆಕ್ಷನ್' ಹಾಕಬೇಕು. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ವಸೂಲಿ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಒಳ್ಳೆಯ ನಿಯಮ. ಆದರೆ ಫೋನ್ ಮಾಡುವ ನೌಕರನಿಗೆ ಮೇಲಿನವರು ಎಷ್ಟು ಹೊತ್ತಿಗೆ ಫೋನ್ ಮಾಡಬಹುದು ಎನ್ನುವುದಕ್ಕೆ ಅಂಥ ಗಡಿಯಾರ ಇಲ್ಲ.

ನಿದ್ದೆ ಹೋಯಿತು. ಗ್ಯಾಸ್ಟ್ರಿಕ್ ಎಂದು ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು. ಮಕ್ಕಳ ಮೇಲೆ ರೇಗುವುದು, ಆಮೇಲೆ ಅದಕ್ಕೆ ಬೇಸರಪಟ್ಟು ರಾತ್ರಿ ಹೊರಗಿನಿಂದ ಊಟ ತರಿಸುವುದು. ಇದು ವಾರಕ್ಕೆ ಮೂರು ನಾಲ್ಕು ಸಲ ಆಗುತ್ತಿತ್ತು ಎಂದು ಶಾಲಿನಿ ಹೇಳಿದರು.

ತೊಂದರೆ ಎಲ್ಲಿತ್ತು

ಮನೆಯ ದುಡ್ಡಿನ ವ್ಯವಹಾರವೆಲ್ಲ ಸುಧಾಕರ ಅವರದೇ. 'ಅವರಿಗೆ ಫೈನಾನ್ಸ್ ಗೊತ್ತುಂಟಲ್ಲ' ಎಂದು ಎಲ್ಲರೂ ಸುಮ್ಮನಿದ್ದರು. ಅವರಿಗೆ ನಿಜಕ್ಕೂ ಗೊತ್ತಿತ್ತು. ಆದರೆ ನೋಡುತ್ತಿರಲಿಲ್ಲ. ಬ್ಯಾಂಕಿನ ಮೆಸೇಜುಗಳನ್ನು ಮ್ಯೂಟ್ ಮಾಡಿಟ್ಟಿದ್ದರು. ಅಂಚೆಯಲ್ಲಿ ಬಂದ ಲಕೋಟೆಗಳು ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾವರ್ ಸೇರುತ್ತಿದ್ದವು, ಒಡೆಯದೆ.

ಮೊದಲ ಸಲ ಕೂತಾಗ ನಾನು ಗೃಹಸಾಲದ ಬಡ್ಡಿ ಎಷ್ಟು ಎಂದು ಕೇಳಿದೆ. ಉತ್ತರ ಇಲ್ಲ. ಸುಮ್ನೆ, ನಿಮ್ಮ ಪಟ್ಟಿಯಲ್ಲಿ ದೊಡ್ಡ ಬಾಕಿ ಯಾರದ್ದು ಎಂದು ಕೇಳಿದೆ. ಹೆಸರು ಹೇಳದೆ, ಒಂದು ಟಿಪ್ಪರ್, ಎರಡು ಆಟೊ, ಒಂದು ಮೀನಿನ ಲಾರಿ ಎಂದು ಬಾಕಿ ಮೊತ್ತ, ತಪ್ಪಿದ ಕಂತು, ಕೊನೆಗೆ ಕಟ್ಟಿದ ತಾರೀಕು ಸಮೇತ ಗಡಗಡ ಒಪ್ಪಿಸಿದರು. ಶಾಲಿನಿ ಟೇಬಲ್ಲಿನ ಆ ಕಡೆ ಕೂತು ಅವರ ಮುಖವನ್ನೇ ನೋಡುತ್ತಿದ್ದರು. 'ಓವರ್‌ಡ್ಯೂ ಅನ್ನುವ ಶಬ್ದ ದಿನಕ್ಕೆ ಇನ್ನೂರು ಸಲ ನಾನೇ ಹೇಳ್ತೇನೆ. ಮನೆಗೆ ಬಂದು ಅದನ್ನೇ ನನ್ನ ಹೆಸರಿನ ಜೊತೆ ಓದ್ಲಿಕ್ಕೆ ಆಗುದಿಲ್ಲ' ಎಂದರು. ಇಡೀ ಪ್ರಕರಣದ ಬೇರು ಇಲ್ಲಿತ್ತು. ಕೆಲಸದ ಒತ್ತಡ ಒಂದು ಕಡೆ, ಮನೆಯ ಸಾಲ ಇನ್ನೊಂದು ಕಡೆ ಎಂದು ಬೇರೆ ಬೇರೆ ಇಟ್ಟು ನೋಡಿದ್ದರೆ ಇದು ಕಾಣುತ್ತಿರಲಿಲ್ಲ.

ನಾಚಿಕೆಯೂ ಸೇರಿತ್ತು. ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದು ಈ ಮಂಗಳೂರು, ಉಡುಪಿಯಲ್ಲೇ. ಪ್ರತಿ ಮನೆಯಲ್ಲಿ ಒಬ್ಬ ಬ್ಯಾಂಕಿನವ ಇರುವ ಊರು. ಇಲ್ಲಿ 'ನನ್ನ ಸಾಲ ಎಷ್ಟು ಎಂದು ನನಗೇ ಗೊತ್ತಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ಅದೂ ಫೈನಾನ್ಸ್ ಕಂಪೆನಿಯಲ್ಲಿ ಕೆಲಸ ಮಾಡುವವರಿಗೆ!

ಮೊದಲು ಮಾಡಿ ನೋಡಿದ್ದು

ನನ್ನ ಹತ್ತಿರ ಬರುವ ಮೊದಲೇ ಅವರು ಎರಡು ಪ್ರಯತ್ನ ಮಾಡಿದ್ದರು.

ಒಂದು, ಮೊಬೈಲಿನಲ್ಲಿ ಖರ್ಚು ಬರೆಯುವ ಆ್ಯಪ್. ಹಾಲು, ಪೆಟ್ರೋಲು, ಮಗನ ಪೆನ್ಸಿಲು, ಎಲ್ಲ ಬರೆದರು. ಕೆಲವು ವಾರ ನಡೆಯಿತು. ಹಗಲಿಡೀ ಅಂಕಿ ತುಂಬಿಸುವವನಿಗೆ ರಾತ್ರಿ ಮತ್ತೆ ಅಂಕಿ ತುಂಬಿಸುವ ಕೆಲಸ ಕೊಟ್ಟರೆ ಎಷ್ಟು ದಿನ ಬಾಳೀತು? ಬಿಟ್ಟರು. ಬಿಟ್ಟದ್ದಕ್ಕೆ ಮತ್ತೊಂದು ಬೇಸರ.

ಎರಡನೆಯದು ಜಾಸ್ತಿ ದುಬಾರಿಯಾಯಿತು. 2024ರ ಫೆಬ್ರವರಿಯಲ್ಲಿ ಎರಡೂವರೆ ಲಕ್ಷದ ಪರ್ಸನಲ್ ಲೋನ್ ತೆಗೆದರು. ಬಡ್ಡಿ ಶೇ. 15, ಮೂರು ವರ್ಷ, ಕಂತು 8,670. ಆ ದುಡ್ಡಿನಲ್ಲಿ ಎರಡು ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ಜಾಸ್ತಿ ಬಡ್ಡಿಯ ಸಾಲವನ್ನು ಕಡಿಮೆ ಬಡ್ಡಿಗೆ ತಿರುಗಿಸಿದ್ದು. ಆದರೆ ಕಾರ್ಡುಗಳನ್ನು ಮುಚ್ಚಲಿಲ್ಲ. ತಿಂಗಳ ಖರ್ಚು ಆದಾಯಕ್ಕಿಂತ ಜಾಸ್ತಿ ಇದ್ದದ್ದೂ ಹಾಗೇ ಇತ್ತು. ವರ್ಷ ತುಂಬುವುದರೊಳಗೆ ಕಾರ್ಡಿನ ಬಾಕಿ ಮತ್ತೆ 1,40,000 ಮುಟ್ಟಿತು. ಈಗ ಪರ್ಸನಲ್ ಲೋನ್ ಬೇರೆ.

ಆ ಕಾರ್ಡಿನ ಲೆಕ್ಕವನ್ನು ನಾವು ಒಂದು ಹಾಳೆಯಲ್ಲಿ ಬರೆದೆವು. ಕನಿಷ್ಠ ಪಾವತಿ ಎಂದು ತಿಂಗಳಿಗೆ 7,000 ಕಟ್ಟುತ್ತಿದ್ದರು. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ 4,900. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 882. ಅಸಲಿಗೆ ಹೋದದ್ದು 1,218 ರೂಪಾಯಿ. ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಮೀಟರ್ ಓಡುತ್ತದೆ. ಸುಧಾಕರ ಅವರಿಗೆ ಇದೆಲ್ಲ ಗೊತ್ತಿದ್ದ ವಿಷಯ. ಶಾಲಿನಿಗೆ ಹೊಸದು. ಅವರು ಹಾಳೆಯನ್ನು ಎರಡು ಸಲ ಓದಿದರು. 'ಏಳು ಸಾವಿರ ಕಟ್ಟಿದ್ರೆ ಸಾವಿರದ ಇನ್ನೂರಾ?' ಎಂದು ಕೇಳಿ ಆ ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು, ಉತ್ತರ ಪತ್ರಿಕೆಯಲ್ಲಿ ಹಾಕಿದ ಹಾಗೆ.

ತಿಂಗಳ ಒಟ್ಟು ಚಿತ್ರ ಹೀಗಿತ್ತು. ನಿಶ್ಚಿತ ಆದಾಯ 69,500. ನಾಲ್ಕು ಕಂತುಗಳಿಗೆ ಸೇರಿ 47,940 ಹೋದರೆ ಉಳಿಯುವುದು 21,560. ಅದರಲ್ಲಿ ಐದು ಜನರ ಊಟ, ಅಮ್ಮನ ಔಷಧಿ, ಶಾಲೆಯ ಫೀಸು, ಪೆಟ್ರೋಲು, ಫ್ಲ್ಯಾಟಿನ ಮೆಯಿಂಟೆನೆನ್ಸ್ ಎಲ್ಲ ಆಗಬೇಕು. ತಿಂಗಳಿಗೆ ಹತ್ತು ಸಾವಿರದ ಹತ್ತಿರ ಕೊರತೆ ಬೀಳುತ್ತಿತ್ತು. ಅದನ್ನು ಕಾರ್ಡು ತುಂಬುತ್ತಿತ್ತು.

ತಿರುವು

2025ರ ಫೆಬ್ರವರಿಯಲ್ಲಿ ಒಂದು ರಾತ್ರಿ ಎದೆನೋವು ಬಂತು. ಬೆವರು, ಕೈ ನಡುಕ. ಆಸ್ಪತ್ರೆಗೆ ಓಡಿದರು. ಇಸಿಜಿ ಸರಿ ಇತ್ತು, ರಕ್ತ ಪರೀಕ್ಷೆಯೂ ಸರಿ ಇತ್ತು. ಹೃದಯಕ್ಕೆ ಏನೂ ಆಗಿಲ್ಲ, ಆದರೆ ಮನೋವೈದ್ಯರನ್ನು ಕಾಣಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ಸುಧಾಕರ ಒಪ್ಪಲಿಲ್ಲ. 'ಮಂಡೆ ಸಮ ಇಲ್ಲ ಅಂತ ಆಫೀಸಲ್ಲಿ ಗೊತ್ತಾದ್ರೆ ಮುಗೀತು' ಎಂದರಂತೆ.

ಆಸ್ಪತ್ರೆಯ ಬಿಲ್ಲಿಗೆ ವಿಮೆಯ ಕಾಗದ ಹುಡುಕುತ್ತಾ ಶಾಲಿನಿ ಆ ಡ್ರಾವರ್ ತೆರೆದರು. ಒಡೆಯದ ಲಕೋಟೆಗಳಲ್ಲಿ ಒಂದು ಸುಧಾಕರ ಅವರ ಟರ್ಮ್ ಪಾಲಿಸಿಯದ್ದು, ಅಂದರೆ ಜೀವ ವಿಮೆಯದ್ದು. ಖಾತೆಯಲ್ಲಿ ದುಡ್ಡಿಲ್ಲದೆ ವರ್ಷದ ಪ್ರೀಮಿಯಂ ಬೌನ್ಸ್ ಆಗಿ, 30 ದಿನದ ಹೆಚ್ಚುವರಿ ಅವಧಿಯೂ ಮುಗಿದು, ಪಾಲಿಸಿ ನಿಂತುಹೋಗಿತ್ತು. 75 ಲಕ್ಷದ ಪಾಲಿಸಿ. ಅಂದರೆ ಆ ಎದೆನೋವಿನ ರಾತ್ರಿ ಏನಾದರೂ ಆಗಿದ್ದರೆ ಮನೆಗೆ ಉಳಿಯುತ್ತಿದ್ದದ್ದು ಸಾಲ ಮಾತ್ರ.

ಶಾಲಿನಿ ಎರಡು ಕೆಲಸ ಮಾಡಿದರು. ಮೊದಲು ಟೆಲಿ ಮಾನಸ್‌ಗೆ ಫೋನ್ ಮಾಡಿದರು, 14416. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ತಮಗೋಸ್ಕರ ಎಂದು ಮಾತಾಡಿದರು. ಆಮೇಲೆ ಫೋನನ್ನು ಗಂಡನ ಕೈಗೆ ಕೊಟ್ಟರು. ಎದುರು ಕೂತು ಹೇಳಲಾಗದ್ದು ಮುಖ ಕಾಣದವರ ಹತ್ತಿರ ಬಂತು. ಮರುವಾರ ವೈದ್ಯರ ಹತ್ತಿರ ಹೋದರು. ಆತಂಕದ ಕಾಯಿಲೆ ಎಂದು ಔಷಧಿ ಶುರುವಾಯಿತು. ಕೆಲಸ ಮಾಡಲು ಈ ಮಾತ್ರೆಗಳಿಗೆ ಕೆಲವು ವಾರ ಬೇಕು, ಅಷ್ಟರವರೆಗೆ ದೊಡ್ಡ ತೀರ್ಮಾನ ಯಾವುದೂ ಬೇಡ ಎಂದು ವೈದ್ಯರು ಹೇಳಿ ಕಳಿಸಿದರು.

ಎರಡನೆಯ ಕೆಲಸ, ಎಲ್ಲ ಕಾಗದಗಳನ್ನು ಒಂದು ಚೀಲಕ್ಕೆ ತುಂಬಿ ನನ್ನ ಮನೆಗೆ ಬಂದದ್ದು.

ತೀರ್ಮಾನಗಳು

ಆಗ ಸುಧಾಕರ ಅವರ ಮನಸ್ಸಿನಲ್ಲಿ ಒಂದೇ ಯೋಚನೆ, ರಾಜೀನಾಮೆ. ಆರು ಲಕ್ಷದ ಹತ್ತಿರ ಇದ್ದ ಪಿಎಫ್ ತೆಗೆದು ಕ್ಯಾಂಟೀನ್ ಹಾಕುವುದು ಅಂತ. ಗಲ್ಫಿನಲ್ಲಿದ್ದ ಬಾವ 'ಇಲ್ಲಿ ಬನ್ನಿ, ಏನಾದರೂ ನೋಡುವ' ಎಂದಿದ್ದರು. ಇಬ್ಬರಿಗೂ ವೈದ್ಯರ ಮಾತೇ ಉತ್ತರವಾಯಿತು, ಈಗ ಬೇಡ. ನನ್ನ ಅಭಿಪ್ರಾಯವೂ ಅದೇ. ನಿದ್ದೆ ಇಲ್ಲದ ತಿಂಗಳಲ್ಲಿ ಕೆಲಸ ಬಿಟ್ಟವರು ಎರಡನೇ ತಿಂಗಳು ಕಂತಿಗೆ ಹೆದರಿ ಮೊದಲಿಗಿಂತ ಕೆಟ್ಟ ಕೆಲಸ ಹಿಡಿದದ್ದನ್ನು ನೋಡಿದ್ದೇನೆ. ಉಳಿದಿದ್ದ ರಜೆ ಹಾಕಿ ಮೂರು ವಾರ ಮನೆಯಲ್ಲಿದ್ದರು.

ಆ ವಾರಗಳಲ್ಲಿ ಒಂದೇ ಒಂದು ಬದಲಾವಣೆ ಆಯಿತು. ಬ್ಯಾಂಕಿನ ಮೆಸೇಜು, ಲಕೋಟೆ, ಕಾರ್ಡಿನ ಬಿಲ್ಲು ಎಲ್ಲ ಶಾಲಿನಿಯ ಕೈಗೆ ಹೋಯಿತು. ಸುಧಾಕರ ದಿನವೂ ನೋಡಬೇಕಾಗಿಲ್ಲ. ಶನಿವಾರ ಸಂಜೆ ಮಾತ್ರ, ಅರ್ಧ ಗಂಟೆ, ಫೋನುಗಳನ್ನು ಒಳಗಿಟ್ಟು.

ಶನಿವಾರ ಎನ್ನುವುದು ಅಮ್ಮನ ಸಲಹೆ. ಬೀಡಿ ಬ್ರಾಂಚಿನಲ್ಲಿ ಅವರಿಗೆ ವಾರಕ್ಕೊಮ್ಮೆ ಮಜೂರಿ ಸಿಗುತ್ತಿತ್ತು. ಅಕ್ಕಿ, ಎಣ್ಣೆ, ಸಾಲದಂಗಡಿಯ ಬಾಕಿ ಎಲ್ಲ ಅದೇ ದಿನ ತೀರಬೇಕು. 'ತಿಂಗಳು ಅಂದ್ರೆ ದೂರ ಮಗಾ. ವಾರ ಆದ್ರೆ ಕೈಗೆ ಸಿಕ್ತದೆ' ಎಂದರು. ಹಾಗೆ ಅಡುಗೆಮನೆಯ ಖರ್ಚಿಗೆ ಶನಿವಾರ 2,800 ರೂಪಾಯಿ ನಗದು. ಅಕ್ಕಿ, ಮೀನು, ತರಕಾರಿ, ಹಾಲು ಅದರಲ್ಲೇ. ಅದನ್ನು ಅಮ್ಮನ ಕೈಗೆ ಕೊಟ್ಟರು. ಬರೆಯುವ ಕೆಲಸ ಯಾರಿಗೂ ಇಲ್ಲ. ಡಬ್ಬ ಖಾಲಿಯಾದರೆ ವಾರ ಮುಗಿದ ಹಾಗೆ.

ಸೋರಿಕೆ ಹುಡುಕುವ ಕೆಲಸದಲ್ಲಿ ನಾನು ಜೊತೆಗಿದ್ದೆ. ಒಂದು ವರ್ಷದ ಸ್ಟೇಟ್‌ಮೆಂಟ್ ಮುಂದಿಟ್ಟು ಮಾರ್ಕರಿನಿಂದ ಗೆರೆ ಎಳೆದೆವು. ಬೌನ್ಸ್ ಶುಲ್ಕ, ತಡ ಪಾವತಿ ಶುಲ್ಕ, ಯಾರೂ ನೋಡದ ಎರಡು ಓಟಿಟಿ, ಹೋಗದ ಜಿಮ್ಮು, ಮರೆತುಹೋದ ಕ್ಲೌಡ್ ಸ್ಟೋರೇಜು. ಎಲ್ಲ ಸೇರಿ ವರ್ಷಕ್ಕೆ 31,000 ದಾಟಿತು. ಹೊರಗಿನ ಊಟವನ್ನು ಇದಕ್ಕೆ ಸೇರಿಸಿಲ್ಲ. ಇದರಲ್ಲಿ ಯಾವುದೂ ದುಂದುಗಾರಿಕೆ ಅಲ್ಲ. ಸುಸ್ತಾದ ಮನುಷ್ಯ 'ನಾಳೆ ನೋಡುವ' ಎಂದು ಬಿಟ್ಟದ್ದಕ್ಕೆ ಬಿದ್ದ ಬಾಡಿಗೆ. ಯಾರ ಮನೆಯ ಸ್ಟೇಟ್‌ಮೆಂಟ್ ನೋಡಿದರೂ ಒತ್ತಡ ಯಾವ ತಿಂಗಳು ಶುರುವಾಯಿತು ಎಂದು ಈ ಸಾಲುಗಳಿಂದಲೇ ಹೇಳಬಹುದು.

ಅದೇ ಹೊತ್ತಿಗೆ ಗೃಹಸಾಲದ ವಿಷಯ ಹೊರಬಂತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತ್ತು. ಇವರ ಬಡ್ಡಿ 7ರಿಂದ 9.5 ಆಯಿತು. ಬ್ಯಾಂಕ್ ಕಂತನ್ನು ಮುಟ್ಟದೆ ಅವಧಿ ಎಳೆದಿತ್ತು. 2036ಕ್ಕೆ ಮುಗಿಯಬೇಕಿದ್ದ ಸಾಲ 2041ರ ತನಕ ಹೋಗಿತ್ತು. ಕಂತು ಬದಲಾಗದ ಕಾರಣ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂದು ಸಾಲಗಾರರನ್ನೇ ಕೇಳಬೇಕು, ಮೂರು ತಿಂಗಳಿಗೊಮ್ಮೆ ಉಳಿದ ಕಂತುಗಳ ಲೆಕ್ಕ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೇಳಿದೆ. ಲೆಕ್ಕ ಬಂದಿತ್ತು. ಡ್ರಾವರಿನಲ್ಲಿತ್ತು. ಸದ್ಯಕ್ಕೆ ಕಂತು ಏರಿಸುವ ಶಕ್ತಿ ಇರಲಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ.

ಕಾರ್ಡಿನ ಬಾಕಿಗೆ ಏನು ಮಾಡುವುದು ಎನ್ನುವಲ್ಲಿ ನನಗೂ ಶಾಲಿನಿಗೂ ಒಮ್ಮತ ಬರಲಿಲ್ಲ. ಅವರ ಹತ್ತಿರ ಹನ್ನೆರಡು ಪವನ್ (ಒಂದು ಪವನ್ ಅಂದರೆ ಎಂಟು ಗ್ರಾಂ) ಚಿನ್ನ ಇತ್ತು. ಸ್ವಲ್ಪ ಮಾರಿ ಮುಗಿಸಿ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ತವರಿನ ಚಿನ್ನ, ಮಾರುವುದು ಬೇಡ, ಅಡವಿಡುತ್ತೇನೆ ಎಂದರು. ಮೂರು ಪವನ್ ಸಹಕಾರಿ ಸೊಸೈಟಿಯಲ್ಲಿ ಅಡವಿಟ್ಟು ಶೇ. 10ರ ಬಡ್ಡಿಗೆ 1,40,000 ತೆಗೆದರು. ಕಾರ್ಡುಗಳ ಬಾಕಿ ಕಟ್ಟಿ, ಎರಡನ್ನೂ ಮುಚ್ಚಿ, ಮುಚ್ಚಿದ್ದಕ್ಕೆ ಇಮೇಲ್ ತರಿಸಿಕೊಂಡರು. ಇಲ್ಲಿ ಅವರು ಹಾಕಿದ ಒಂದು ಷರತ್ತು ಮುಖ್ಯ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಚಿನ್ನದ ಸಾಲ ಬೇಡ, ಕಾರ್ಡಿಗೆ ಕಟ್ಟುತ್ತಿದ್ದ ಅದೇ 7,000 ಪ್ರತಿ ತಿಂಗಳು ಇಲ್ಲಿಗೆ ಕಟ್ಟುತ್ತೇನೆ ಎಂದರು. ಆ ದರದಲ್ಲಿ ಎರಡು ವರ್ಷದೊಳಗೆ ಸಾಲ ಮುಗಿಯುತ್ತದೆ. ಆಮೇಲೆ ಚಿನ್ನದ ಬೆಲೆ ಏರುತ್ತಲೇ ಹೋಯಿತು. ಹಾಗಾಗಿ ಮಾರದೆ ಇದ್ದದ್ದು ಜಾಣತನ ಎಂದು ಅವರ ನೆಂಟರು ಹೇಳುತ್ತಾರೆ. ನಾನು ಹಾಗೆ ಓದುವುದಿಲ್ಲ. ಬೆಲೆ ಏರಿದ್ದು ಅದೃಷ್ಟ. ಉಳಿಸಿದ್ದು ಆ ತಿಂಗಳ ಕಂತಿನ ಷರತ್ತು.

ಪಾಲಿಸಿಯ ವಿಷಯದಲ್ಲೂ ಒಂದು ಜಗ್ಗಾಟ ಆಯಿತು. ನಿಂತ ಪಾಲಿಸಿಯನ್ನು ಐದು ವರ್ಷದೊಳಗೆ ಮತ್ತೆ ಜೀವಂತ ಮಾಡಬಹುದು. ಆದರೆ ಆರೋಗ್ಯದ ಘೋಷಣೆ ಬರೆದುಕೊಡಬೇಕು. ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುವುದನ್ನು ಬರೆಯಬೇಡಿ, ಯಾರಿಗೆ ಗೊತ್ತಾಗ್ತದೆ ಎಂದು ಹತ್ತಿರದವರೊಬ್ಬರು ಹೇಳಿದರು. ವಿಮಾ ಕಾಯಿದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷದೊಳಗೆ ಕಂಪೆನಿ ಪಾಲಿಸಿಯನ್ನು ಪ್ರಶ್ನಿಸಬಹುದು. ಪುನಶ್ಚೇತನ ಆದರೆ ಆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಮುಚ್ಚಿಟ್ಟರೆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಶಾಲಿನಿ ಎಲ್ಲವನ್ನೂ ಬರೆಸಿದರು. ಕಂಪೆನಿ ವೈದ್ಯರ ಪತ್ರ ಕೇಳಿತು, ಪ್ರೀಮಿಯಂ ಸ್ವಲ್ಪ ಏರಿಸಿತು, ಪಾಲಿಸಿ ವಾಪಸು ಬಂತು. ಅದಕ್ಕೆ ಬೇಕಾದ ದುಡ್ಡು ಎಲ್ಲಿಂದ? ಶಾಲೆಯ ಸ್ಟಾಫ್ ರೂಮಿಗೆ ಬರುವ ಪಿಗ್ಮಿ ಏಜೆಂಟರ ಹತ್ತಿರ ಶಾಲಿನಿ ದಿನಕ್ಕೆ 50 ರೂಪಾಯಿ ಕಟ್ಟುತ್ತಿದ್ದರು, ಮನೆಯಲ್ಲಿ ಹೇಳದೆ. 38,000 ಆಗಿತ್ತು. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಪದ್ಧತಿ ಇನ್ನೂ ಮನೆ ಕಾಯುತ್ತಿದೆ ನೋಡಿ.

ಕಾರು ಮಾರುವ ತೀರ್ಮಾನ ಮೇ ತಿಂಗಳಿನದು, ಸುಧಾಕರ ಅವರಿಗೆ ನಿದ್ದೆ ಬರಲು ಶುರುವಾದ ಮೇಲೆ. ಅವರೇ ಹೇಳಿದ್ದು. 5,10,000ಕ್ಕೆ ಹೋಯಿತು. ಸಾಲದ ಬಾಕಿ 4,30,000, ಅವಧಿಗೆ ಮೊದಲು ಮುಚ್ಚಿದ್ದಕ್ಕೆ ಶುಲ್ಕ ಬೇರೆ. ಕೈಗೆ ಉಳಿದದ್ದು ಅರುವತ್ತು ಸಾವಿರ. ಅದು ಶಾಲೆಯ ಫೀಸಿಗೆ ಹೋಯಿತು. ಆದರೆ ತಿಂಗಳ 9,800 ಕಂತು ನಿಂತಿತು, ಪೆಟ್ರೋಲಿನಲ್ಲಿ ಮೂರು ಸಾವಿರ ಉಳಿಯಿತು. ಸ್ಕೂಟರ್ ಇತ್ತು, ಸಿಟಿ ಬಸ್ಸು ಇತ್ತು. ಶಾಲಿನಿಯ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸುಗಳು ಮಾತ್ರ, ಆದ್ದರಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಅವರಿಗೆ ಸಿಗುವುದಿಲ್ಲ. ಪಕ್ಕದ ಫ್ಲ್ಯಾಟಿನವರು ಕಾರು ಎಲ್ಲಿ ಎಂದು ಕೇಳಿದರೆ ಮಗ 'ಸರ್ವಿಸಿಗೆ ಕೊಟ್ಟಿದ್ದೇವೆ' ಎನ್ನುತ್ತಿದ್ದನಂತೆ. ಬಹಳ ದೀರ್ಘ ಸರ್ವಿಸು.

ಏನಾಯಿತು

ಎಲ್ಲವೂ ನೇರ ಹೋಗಲಿಲ್ಲ. ಜೂನ್ ತಿಂಗಳ ಲೆಕ್ಕ ಕೆಟ್ಟಿತು. ಶಾಲೆ ಶುರು, ಕೊಡೆ, ರೈನ್‌ಕೋಟು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮೀನಿನ ದರ ಕೇಳಲಾಗದ ಹಾಗೆ ಏರಿತು. 2,800ರ ಡಬ್ಬ ಬುಧವಾರಕ್ಕೇ ಖಾಲಿ. ಅಮ್ಮ ಒಣಮೀನು, ಹಲಸಿನ ಬೀಜ, ಸೌತೆಕಾಯಿಗೆ ಇಳಿದರು. ಮಕ್ಕಳು ಗೊಣಗಿದರು. ಮುಂದಿನ ವರ್ಷ ಏಪ್ರಿಲಿನಿಂದಲೇ ಮಳೆಗಾಲಕ್ಕೆ ಬೇರೆ ಎತ್ತಿಡಬೇಕು ಎಂದು ಆಗ ತೀರ್ಮಾನವಾಯಿತು.

ಕುಟುಂಬದ ದೈವಸ್ಥಾನದ ಬ್ರಹ್ಮಕಲಶ ಬಂತು. ಸುಧಾಕರ 'ಫೈನಾನ್ಸಿನಲ್ಲಿ ಮೆನೇಜರ್' ಎಂದು ಕುಟುಂಬದವರು ಅವರ ಹೆಸರಿಗೆ 25,000 ವಂತಿಗೆ ಬರೆದಿದ್ದರು. ನಮ್ಮ ಕಡೆಯ ಮನೆಗಳ ಬಜೆಟ್ಟಿನಲ್ಲಿ ಯಾವ ಪುಸ್ತಕವೂ ಹೇಳದ ಖರ್ಚು ಇದು. ಇಲ್ಲ ಎನ್ನುವ ಹಾಗಿಲ್ಲ, ಕೊಡುವ ಹಾಗಿಲ್ಲ. ಮೊದಲಾಗಿದ್ದರೆ ಕಾರ್ಡು ಉಜ್ಜುತ್ತಿದ್ದರು. ಈ ಸಲ ಶನಿವಾರದ ಮಾತುಕತೆಗೆ ಬಂತು. ಅಮ್ಮನೇ ಕುಟುಂಬದ ಯಜಮಾನರ ಹತ್ತಿರ ಮಾತಾಡಿದರು. 5,000 ನಗದು, ಹೊರೆಕಾಣಿಕೆಗೆ ಅಕ್ಕಿ ಮತ್ತು ತೆಂಗಿನಕಾಯಿ, ಉಳಿದದ್ದಕ್ಕೆ ಸುಧಾಕರ ಭಾನುವಾರ ಶ್ರಮದಾನಕ್ಕೆ ಬರುತ್ತಾರೆ ಎಂದು ಇತ್ಯರ್ಥವಾಯಿತು. ಕಲ್ಲು ಹೊತ್ತು, ಮಣ್ಣು ಎಳೆದು ಬಂದ ಭಾನುವಾರಗಳಲ್ಲಿ ಚೆನ್ನಾಗಿ ನಿದ್ದೆ ಬಂತು ಎಂದು ಸುಧಾಕರ ವೈದ್ಯರಿಗೂ ಹೇಳಿದರಂತೆ.

ಕೆಲಸದ ವಿಷಯ. ವೈದ್ಯರ ಪತ್ರ ಇಟ್ಟು ವಸೂಲಿಯಿಂದ ದಾಖಲೆ ವಿಭಾಗಕ್ಕೆ ಬದಲಿ ಕೇಳಿದರು. ಎರಡು ತಿಂಗಳು ಎಳೆದು ಕಂಪೆನಿ ಒಪ್ಪಿತು. ಕೈಗೆ ಬರುವ ಸಂಬಳ 52,000ದಿಂದ 47,000ಕ್ಕೆ ಇಳಿಯಿತು. ಇದನ್ನು ಶಾಲಿನಿ ಮೊದಲೇ ಲೆಕ್ಕ ಹಾಕಿದ್ದರು. ಹಳೆಯ ಕೊರತೆ ಹತ್ತು ಸಾವಿರ, ಸಂಬಳ ಕಡಿತ ಐದು ಸಾವಿರ, ಒಟ್ಟು ಹದಿನೈದು. ಕಾರಿನ ಕಂತು, ಪೆಟ್ರೋಲು, ನಿಂತ ಸೋರಿಕೆ ಸೇರಿ ಉಳಿದದ್ದು ಹದಿನೈದೂವರೆ. ಅಂಚಿನಲ್ಲಿ ನಿಂತ ಲೆಕ್ಕ. ಆದರೆ ನಿಂತಿತು. ಕಾರು ಮಾರದೆ ಬದಲಿ ಕೇಳಿದ್ದರೆ ಎರಡೇ ತಿಂಗಳಲ್ಲಿ ವಾಪಸು ವಸೂಲಿಗೆ ಹೋಗಬೇಕಾಗುತ್ತಿತ್ತು. ಈ ಅನುಕ್ರಮ ನನಗೆ ಇಡೀ ಪ್ರಕರಣದ ಮುಖ್ಯ ಪಾಠ. ಆದಾಯ ಕಡಿಮೆ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಮೊದಲು ಖರ್ಚಿನ ಕಡೆಯಿಂದ ಸಂಪಾದಿಸಬೇಕು.

ಅಕ್ಟೋಬರಿನಲ್ಲಿ ಇನ್ನೊಂದು ಸಮಸ್ಯೆ ತಲೆಯೆತ್ತಿತು. ಶಾಲಿನಿಗೆ ಮೈಗ್ರೇನ್ ಜಾಸ್ತಿಯಾಯಿತು. ಶಾಲೆ, ಮಕ್ಕಳು, ಅತ್ತೆಯ ಔಷಧಿ, ಈಗ ಇಡೀ ಮನೆಯ ಸಾಲ. ಒಬ್ಬರ ತಲೆಯಿಂದ ಇಳಿಸಿದ ಹೊರೆ ಇನ್ನೊಬ್ಬರ ತಲೆಗೆ ಏರಿತ್ತು, ಅಷ್ಟೇ ಅಲ್ವಾ? 'ಇವರು ಹುಷಾರಾದ್ರು, ಈಗ ನಾನು ಮಲಗ್ಬೇಕು' ಎಂದು ನಗುತ್ತಲೇ ಹೇಳಿದರು. ಅಲ್ಲಿಂದ ಹಂಚಿಕೊಂಡರು. ಕರೆಂಟ್ ಬಿಲ್ಲು, ಗ್ಯಾಸು, ಅಮ್ಮನ ಔಷಧಿ, ಶಾಲೆಯ ಫೀಸು ಸುಧಾಕರ ಅವರಿಗೆ. ಸಾಲ ಮತ್ತು ವಿಮೆ ಶಾಲಿನಿಗೆ. ಯಾರೇ ಕಟ್ಟಿದರೂ ಶನಿವಾರ ಇಬ್ಬರೂ ನೋಡಬೇಕು. ಇಂಥ ಮನೆಗಳಲ್ಲಿ ಲೆಕ್ಕ ಹೆಂಡತಿಗೆ ಕೊಡಿ ಎಂದು ಸುಲಭವಾಗಿ ಸಲಹೆ ಕೊಡುವವರು ಈ ಅಕ್ಟೋಬರನ್ನು ನೆನಪಿಟ್ಟುಕೊಳ್ಳಬೇಕು. ಕೊಟ್ಟು ಮರೆಯುವ ವ್ಯವಸ್ಥೆ ಹಳೆಯ ವ್ಯವಸ್ಥೆಯೇ, ಆಳು ಮಾತ್ರ ಬದಲು.

ವರ್ಷ ಕಳೆದ ಮೇಲಿನ ಸ್ಥಿತಿ ಹೀಗಿದೆ. ಚಿನ್ನದ ಸಾಲ ಅರ್ಧಕ್ಕಿಂತ ಜಾಸ್ತಿ ತೀರಿದೆ. ಪರ್ಸನಲ್ ಲೋನ್ 2027ರ ಫೆಬ್ರವರಿಗೆ ಮುಗಿಯುತ್ತದೆ. 2025ರಲ್ಲಿ ರೆಪೊ ದರ ಶೇ. 6.5ರಿಂದ 5.25ಕ್ಕೆ ಇಳಿದದ್ದರಿಂದ ಗೃಹಸಾಲದ ಬಡ್ಡಿಯೂ ಇಳಿಯಿತು. ಕಂತು ಕಡಿಮೆ ಮಾಡಿಸದೆ ಹಾಗೇ ಇಟ್ಟುಕೊಂಡರು, 2041 ಈಗ 2039 ಆಗಿದೆ. ಒಂದು ವರ್ಷದ ಸ್ಟೇಟ್‌ಮೆಂಟಿನಲ್ಲಿ ಬೌನ್ಸ್ ಶುಲ್ಕ ಒಂದೇ ಒಂದು ಸಲ ಇದೆ, ಅದೂ ಜೂನಿನಲ್ಲಿ. ಮಾತ್ರೆಯ ಪ್ರಮಾಣವನ್ನು ವೈದ್ಯರು ಇಳಿಸಿದ್ದಾರೆ, ನಿಲ್ಲಿಸಿಲ್ಲ.

ಇದನ್ನು ಬೇರೆ ಮನೆಗೆ ಹಾಗೇ ಅನ್ವಯಿಸುವಾಗ ಕೆಲವು ವಿಷಯ ಬಿಡಿಸಿ ನೋಡಬೇಕು. ಕಂಪೆನಿ ಬದಲಿ ಒಪ್ಪಿತು, ಎಲ್ಲ ಕಡೆ ಒಪ್ಪುವುದಿಲ್ಲ. ಮನೆಯಲ್ಲಿ ಅಡುಗೆ ಖರ್ಚು ನಿಭಾಯಿಸಿದ ಅಮ್ಮ ಇದ್ದರು. ಅಡವಿಡಲು ಚಿನ್ನ ಇತ್ತು, ಮಾರಲು ಕಾರು ಇತ್ತು. ಬಡ್ಡಿ ಇಳಿದದ್ದು ಇವರ ಕೈಯಲ್ಲಿರಲಿಲ್ಲ. ಇವು ಯಾವುವೂ ಇಲ್ಲದ ಮನೆಯಲ್ಲಿ ಸಂಬಳ ಕಡಿಮೆಯ ಕೆಲಸಕ್ಕೆ ಹೋಗಿ ಎಂದು ನಾನು ಹೇಳಲಾರೆ. ಆದರೆ ಲಕೋಟೆ ಒಡೆಯುವ ಕೆಲಸವನ್ನು ಒತ್ತಡದಲ್ಲಿರುವವರಿಂದ ತೆಗೆದು, ತೀರ್ಮಾನದಲ್ಲಿ ಮಾತ್ರ ಅವರನ್ನು ಉಳಿಸಿಕೊಳ್ಳಬೇಕು ಎನ್ನುವುದನ್ನು ಯಾವ ಮನೆಗೂ ಹೇಳುತ್ತೇನೆ. ಸುಧಾಕರ ಅವರಿಗೆ ಬುದ್ಧಿವಾದ ಬೇಕಿರಲಿಲ್ಲ. ಬಡ್ಡಿಯ ಲೆಕ್ಕ ನನಗಿಂತ ವೇಗವಾಗಿ ಮಾಡುತ್ತಾರೆ.

ಈಗ ಅವರ ಮುಂದಿರುವುದು ಮಗಳ ಪಿಯುಸಿ. ಕೋಚಿಂಗ್ ಸೇರಿದ ಕಾಲೇಜುಗಳು ಎರಡು ವರ್ಷಕ್ಕೆ ಕೇಳುವ ಮೊತ್ತ ಆ ಕಾರಿಗೆ ಇದ್ದ ಸಾಲದ ಹತ್ತಿರ ಹೋಗುತ್ತದೆ. ಸರಕಾರಿ ಕಾಲೇಜು ಸ್ಕೂಟರಿನಲ್ಲಿ ಹತ್ತು ನಿಮಿಷ. ಮಗಳಿಗೆ ಕಾಮರ್ಸ್ ಓದುವ ಆಸೆ, ಅಪ್ಪನಿಗೆ ಅವಳು ಫೈನಾನ್ಸ್ ಕಡೆ ಬರುವುದು ಬೇಡ. ಕಳೆದ ಎರಡು ಶನಿವಾರ ಅದೇ ಚರ್ಚೆ ನಡೆದಿದೆ, ಮಗಳನ್ನೂ ಕೂರಿಸಿಕೊಂಡು. ಇನ್ನೂ ಇತ್ಯರ್ಥವಾಗಿಲ್ಲ.